ಸೀಟು ತರುವ ಹವ್ಯಾಸ

ಪಠ್ಯೇತರ ಚಟುವಟಿಕೆಯೆಂದರೆ ಅಂಕಪಟ್ಟಿಯ ಹೊರಗೆ ನಿಂತು ವಿದ್ಯಾರ್ಥಿಯ ಅಭಿರುಚಿ, ದೇಹಬಲ, ಒಡನಾಟಗಳನ್ನು ಬೆಳೆಸುವ ಕಲಿಕೆಯೆಂದು ಪ್ರೌಢಶಾಲೆಯ ದೈಹಿಕ ಶಿಕ್ಷಕರು ವಿವರಿಸುತ್ತಿದ್ದಾಗ, ಎಂಟನೆಯ ತರಗತಿಯ ಬಾಲಕಿಯೊಬ್ಬಳ ತಂದೆ ಅವರನ್ನು ಅರ್ಧಕ್ಕೇ ತಡೆದರು.

“ಅದಿರಲಿ ಸಾರ್, ಸಿಇಟಿಯಲ್ಲಿ ಯಾವುದಕ್ಕೆ ಕೋಟಾ ಇದೆ?”

“ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್, ಕ್ರೀಡೆ ಎಂಬ ವಿಶೇಷ ಪ್ರವರ್ಗಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕೆಲವು ಸೀಟುಗಳನ್ನು ಮೀಸಲಿಡುತ್ತದೆ, ಆದರೆ ಎನ್‌ಸಿಸಿಯ ‘ಎ’ ಪ್ರಮಾಣಪತ್ರ, ಅಂದರೆ ಕಿರಿಯರ ವಿಭಾಗದ ಅರ್ಹತಾಪತ್ರ, ಎರಡು ವರ್ಷ ಕವಾಯತು ಮಾಡಿ, ಶಿಬಿರ ಮುಗಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗಷ್ಟೇ ದೊರೆಯುತ್ತದೆ.”

“ಮೂರಕ್ಕೂ ಹೆಸರು ಬರೆದುಕೊಳ್ಳಿ. ಕವಾಯತಿಗೆ ಮಾತ್ರ ಕರೆಯಬೇಡಿ, ಟ್ಯೂಷನ್ ಇದೆ.”

“ಹುಡುಗಿಗೆ ಖೋ ಖೋ ಇಷ್ಟವಂತೆ.”

ಬೆನ್ನ ಹಿಂದೆ ಬಂದ ಜೊತೆಗಾರರು ‘ಖೋ’ ಎನ್ನುವವರೆಗೆ ಕುಳಿತವರು ಏಳುವಂತಿಲ್ಲವೆಂಬುದು ಆ ಆಟದ ನಿಯಮ. ಬಾಲಕಿಯ ಬೆನ್ನ ಹಿಂದೆ ಸದ್ಯಕ್ಕೆ ತಂದೆಯೇ ನಿಂತಿದ್ದರು, ಖೋ ಎನ್ನುವ ಲಕ್ಷಣ ಮಾತ್ರ ಕಾಣುತ್ತಿರಲಿಲ್ಲ.

“ನಿನಗೆ ಅದರಿಂದ ಏನು ಸಿಗುತ್ತದಮ್ಮಾ?” ಎಂದು ಶಿಕ್ಷಕರು ಕೇಳಿದರು.

“ಸಾಯಂಕಾಲ ಓಡುವುದಕ್ಕೆ ಸಿಗುತ್ತದೆ ಸಾರ್.”

ತಂದೆ ಕ್ಷಣಕಾಲ ಯೋಚಿಸಿದರು. “ಓಡಲಿ. ಅರ್ಜಿಯಲ್ಲಿ ಅದನ್ನು ನಾಯಕತ್ವವೆಂದು ತೋರಿಸಬಹುದಲ್ಲವೇ?”