ಮರ ಸ್ವಂತ, ರೂಪಾಯಿ ಸೊನ್ನೆ

2024ರಲ್ಲಿ ರೊಬಸ್ಟಾ ಚೆರಿಯ ಬೆಲೆ ಐವತ್ತು ಕೆಜಿ ಚೀಲಕ್ಕೆ ಹತ್ತು ಸಾವಿರ ದಾಟಿದ್ದೇ ತಡ, ಕೊಡಗಿನ ಗಂಡಸರಿಗೆಲ್ಲ ಒಂದೊಂದು ಬಗೆಯ ಕಾಯಿಲೆ ಶುರುವಾಯಿತು. ಕೆಲವರಿಗೆ ಜೀಪಿನ ಕಾಯಿಲೆ, ಕೆಲವರಿಗೆ ಬಾತ್‌ರೂಮ್ ಟೈಲ್ಸಿನ ಕಾಯಿಲೆ, ಇನ್ನು ಕೆಲವರಿಗೆ ಹಳೇ ಸಾಲ ತೀರಿಸುವ ಅಪರೂಪದ ಕಾಯಿಲೆ. ನನಗೆ ಬಂದದ್ದು ಮರದ ಮನೆಯ ಕಾಯಿಲೆ. ದುಂಡು ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟುತ್ತಾರಲ್ಲ, ಅದು. ಮೂರ್ನಾಡಿನಿಂದ ಸ್ವಲ್ಪ ಒಳಗೆ ನನಗಿರುವ ತೋಟ ಮೂರೂವರೆ ಎಕರೆ. ಬೆಲೆ ಏರಿದ ಮಾತ್ರಕ್ಕೆ ಎಕರೆ ಏರುವುದಿಲ್ಲ ಎಂಬುದು ನಮ್ಮವಳಿಗೆ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಕಾಯಿಲೆ ಹತ್ತಿದ್ದು ಫೋನಿನಿಂದ. ಯಾವುದೋ ಚಳಿ ದೇಶದ ಗಡ್ಡದವನೊಬ್ಬ ಹಿಮದ ನಡುವೆ ಒಂಟಿಯಾಗಿ ಕೊಡಲಿ ಹಿಡಿದು ಇಡೀ ಮನೆ ಕಟ್ಟುತ್ತಾನೆ. ಇಪ್ಪತ್ತು ನಿಮಿಷದಲ್ಲಿ ಗೃಹಪ್ರವೇಶ. ಮೇಸ್ತ್ರಿ ಇಲ್ಲ, ಸಿಮೆಂಟಿಲ್ಲ, ಜಲ್ಲಿ ಲಾರಿಗೆ ಕಾಯುವುದಿಲ್ಲ. ಹೆಂಡತಿಯೂ ಎಲ್ಲೂ ಕಾಣುವುದಿಲ್ಲ. ಆ ಕೊನೆಯ ಸೌಕರ್ಯ ಎಷ್ಟು ದೊಡ್ಡದೆಂದು ಆಗ ನನಗೆ ಹೊಳೆಯಲಿಲ್ಲ.

ಯೋಜನೆಯ ಮೊದಲ ಖರ್ಚು ಒಂದು ಕೆಂಪು ಚೌಕಳಿ ಅಂಗಿ. ಮರದ ಮನೆ ಕಟ್ಟುವವರೆಲ್ಲ ಅಂಥದ್ದೇ ಹಾಕುತ್ತಾರೆ. ಬೇಕಾದರೆ ನೀವೂ ನೋಡಿ. ಅದನ್ನು ತೊಟ್ಟು ಮೂರ್ನಾಡು ಪೇಟೆಯ ಹೋಟೆಲಿಗೆ ಚಹಾ ಕುಡಿಯಲು ಹೋದೆ. ಪರಿಚಯದವರೊಬ್ಬರು ಮೇಲಿಂದ ಕೆಳಗೆ ನೋಡಿ, “ಏನು ಮಾರಾಯ್ರೆ, ಅವಸರದಲ್ಲಿ ಮೇಜಿನ ಬಟ್ಟೆ ಹಾಕಿಕೊಂಡು ಬಂದ್ರಾ?” ಅಂದರು. ದೊಡ್ಡ ಕೆಲಸಕ್ಕೆ ಹೊರಟವರಿಗೆ ಇಂಥ ಮಾತು ಇದ್ದದ್ದೇ ಎಂದು ಚಹಾ ಮುಗಿಸಿದೆ. ಬಿಲ್ಲು ಅವರೇ ಕೊಟ್ಟರು, ಕನಿಕರದಿಂದ ಇರಬೇಕು.

ಅಂದು ರಾತ್ರಿ ಕಾಫಿ ಕುಯ್ಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬಜೆಟ್ ಬರೆದೆ. ಮೊದಲ ಸಾಲೇ ನನ್ನ ಹೆಮ್ಮೆ: “ಮರ – ಸ್ವಂತ – ರೂ. 0.” ತೋಟದ ತುಂಬ ಸಿಲ್ವರ್ ಓಕ್ ನೆಟ್ಟಗೆ ನಿಂತಿರುವಾಗ ಇಟ್ಟಿಗೆಗೆ ಯಾರಾದರೂ ದುಡ್ಡು ಸುರಿಯುತ್ತಾರೆಯೇ? ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಮನೆ. ನಾಲ್ಕೂ ಗೋಡೆ ಸೇರಿ ನೂರು ಅಡಿ. ಎತ್ತರ ಹತ್ತು ಅಡಿ, ದಿಮ್ಮಿಯ ದಪ್ಪ ಹತ್ತು ಇಂಚು. ಅಂದರೆ ಹನ್ನೆರಡು ಸಾಲು, ಒಟ್ಟು 1200 ಅಡಿ ದಿಮ್ಮಿ. ಇಪ್ಪತ್ತು ಅಡಿಯ ತುಂಡಾದರೆ ಅರವತ್ತು ಸಾಕು. ಶಾಲೆಯಲ್ಲಿ ಗಣಿತದ ಮೇಷ್ಟ್ರಿಂದ ಯಾವತ್ತೂ ಹೊಗಳಿಸಿಕೊಳ್ಳದ ನಾನು ಆ ಲೆಕ್ಕವನ್ನು ಎರಡು ಸಲ ಗಟ್ಟಿಯಾಗಿ ಓದಿದೆ, ಒಳಗಿದ್ದವಳಿಗೆ ಕೇಳಲಿ ಎಂದು.

ಕೇಳಿತು. ಕೈ ಒರೆಸಿಕೊಳ್ಳುತ್ತಾ ಬಂದಳು.

“ರೀ, ಅರವತ್ತು ತುಂಡಿಗೆ ಎಷ್ಟು ಮರ ಕಡೀಬೇಕು?”

“ಒಂದರಲ್ಲಿ ಒಂದೋ ಎರಡೋ ತುಂಡು ಬರ್ತದೆ. ನಲವತ್ತು ಅಂತ ಇಟ್ಕೋ.”

“ಆ ನಲವತ್ತು ಮರದಲ್ಲಿ ಹಬ್ಬಿರೋ ಕಾಳುಮೆಣಸಿನ ಬಳ್ಳೀನ ಎಲ್ಲಿ ಹಬ್ಬಿಸ್ತೀರಿ? ನಿಮ್ಮ ಬೆನ್ನಿಗಾ?”

ಸಿಲ್ವರ್ ಓಕ್ ಮೂಲತಃ ಆಸ್ಟ್ರೇಲಿಯಾದ ಮರ. ಕಾಫಿಗೆ ನೆರಳಾಗಲೆಂದು ಬಂದು, ಮೆಣಸಿನ ಬಳ್ಳಿಗೆ ಆಸರೆಯಾಗಿ ನಮ್ಮಲ್ಲೇ ನೆಲೆಸಿದ್ದು. ಆ ಬಳ್ಳಿಗಳ ಆದಾಯದಲ್ಲೇ ನಮ್ಮ ಮನೆಯ ಗ್ಯಾಸು, ಕರೆಂಟು, ನನ್ನ ಅಂಗಿ, ಎಲ್ಲವೂ ನಡೆಯುತ್ತದೆ ಎಂಬುದನ್ನು ಅವಳು ಪೆನ್ಸಿಲ್ ತೆಗೆದುಕೊಂಡು ಪಕ್ಕದಲ್ಲೇ ಬರೆದು ತೋರಿಸಿದಳು. ಸೊನ್ನೆಯ ಹಿಂದೆ ಇಷ್ಟೆಲ್ಲ ಅಂಕಿಗಳು ಅಡಗಿರುತ್ತವೆಂದು ಗಣಿತದ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ.

ಸೋಲೊಪ್ಪುವವನು ನಾನಲ್ಲ. “ಸಿಲ್ವರ್ ಬೇಡ ಬಿಡು, ಅಜ್ಜನ ಕಾಲದ ಬೀಟೆ ಉಂಟಲ್ಲ” ಅಂದೆ. ತೋಟದ ಮೂಲೆಯ ಆ ಮರ ನಮ್ಮ ಮನೆತನದ ಮರ್ಯಾದೆ. ಬಂದ ನೆಂಟರನ್ನೆಲ್ಲ ಅದರ ಬುಡದಲ್ಲಿ ನಿಲ್ಲಿಸಿ, “ಇವತ್ತು ಇದರ ಬೆಲೆ ಎಷ್ಟು ಹೇಳಿ ನೋಡುವ” ಎಂದು ಕೇಳಿ, ಅವರು ಹೇಳಿದ್ದಕ್ಕೆ ನಕ್ಕು, ಉತ್ತರ ಹೇಳದೆ ಕರೆದುಕೊಂಡು ಬರುವುದು ನನ್ನ ಪದ್ಧತಿ. ಉತ್ತರ ನನಗೂ ಗೊತ್ತಿಲ್ಲ ಎಂಬುದು ಬೇರೆ ಮಾತು.

ಕಾಗದ ಪತ್ರ ನೋಡುವವರೊಬ್ಬರ ಹತ್ತಿರ ಆರ್‌ಟಿಸಿ ತೆಗೆದುಕೊಂಡು ಹೋದೆ. ಕೊಡಗಿನ ಜಾಗಗಳಲ್ಲಿ ಎರಡು ಜಾತಿ: ರಿಡೀಮ್ ಆದದ್ದು, ಆಗದ್ದು. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿದ್ದರೆ ಮರ ನಿಮ್ಮದು. ಇಲ್ಲದಿದ್ದರೆ ಕಾಫಿ ನಿಮ್ಮದು, ಮರ ಸರ್ಕಾರದ್ದು. ನಮ್ಮ ಅಜ್ಜ ಬಿಡಿಸಿಕೊಂಡಿರಲಿಲ್ಲ. ಅಂದರೆ ಇಷ್ಟು ವರ್ಷ ನಾನು ನೆಂಟರ ಮುಂದೆ ಮೆರೆಸಿದ್ದು ಸರ್ಕಾರದ ಮರವನ್ನು. ಸಂಬಳವಿಲ್ಲದೆ ಅದನ್ನು ಕಾಯ್ದದ್ದು ನಾನು. “ಸಿಲ್ವರ್ ಓಕಿಗೆ ತೊಂದರೆ ಇಲ್ಲ ಸಾರ್” ಎಂದು ಅವರು ಸಮಾಧಾನ ಹೇಳಿದರು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ನೀಲಗಿರಿ, ತೆಂಗು, ರಬ್ಬರುಗಳನ್ನು ಕಡಿಯಲು ಅನುಮತಿ ಬೇಕಿಲ್ಲವಂತೆ. ಕಾನೂನು ಅನುಮತಿ ಕೇಳದ ಆ ಮರಕ್ಕೆ ನಮ್ಮ ಮನೆಯಲ್ಲಿ ಅನುಮತಿ ಬೇಕಿತ್ತು ಎಂಬುದು ಅವರಿಗೇನು ಗೊತ್ತು.

ಮುಂದಿನ ಅಂಕದಲ್ಲಿ ಆಚಾರಿಯ ಪ್ರವೇಶ. ಕೇರಳದ ಕಡೆಯಿಂದ ಬಂದು ನಮ್ಮಲ್ಲೇ ತಲೆ ನರೆಸಿದವರು. ನನ್ನ ನಕ್ಷೆಯನ್ನು ಕನ್ನಡಕದ ಮೇಲಿಂದ, ಆಮೇಲೆ ಕನ್ನಡಕದ ಒಳಗಿಂದ ನೋಡಿದರು. ಕೊನೆಗೆ ಕನ್ನಡಕವನ್ನೇ ತೆಗೆದಿಟ್ಟರು.

“ಸಾರ್, ಹಲಗೆ ಒಣಗಲಿಕ್ಕೆ ಇಂಚಿಗೊಂದು ವರ್ಷ ಅಂತ ನಮ್ಮ ಲೆಕ್ಕ. ನಿಮ್ಮದು ಹತ್ತು ಇಂಚಿನ ದಿಮ್ಮಿ.”

“ಅಂದರೆ?”

“ಗೃಹಪ್ರವೇಶಕ್ಕೆ ಮೊಮ್ಮಕ್ಕಳನ್ನೂ ಕರೀಬಹುದು.”

ಮಗಳಿಗೆ ಇನ್ನೂ ಮದುವೆಯಾಗಿಲ್ಲ. “ಹಸಿ ಮರದಲ್ಲೇ ಕಟ್ಟಿದರೆ?” ಎಂದೆ. ಕಟ್ಟಬಹುದು, ಚಳಿ ದೇಶಗಳಲ್ಲಿ ಕಟ್ಟುತ್ತಾರೆ ಕೂಡ. ಆದರೆ ಒಣಗುತ್ತಾ ಹೋದಂತೆ ದಿಮ್ಮಿಗಳು ಸಣಕಲಾಗಿ ಗೋಡೆ ಕುಳಿತುಕೊಳ್ಳುತ್ತದೆ, ಹತ್ತು ಅಡಿಯ ಗೋಡೆ ಐದಾರು ಇಂಚು ಇಳಿದರೂ ಇಳಿದೀತು. ಅದಕ್ಕೇ ಬಲ್ಲವರು ಬಾಗಿಲು ಕಿಟಕಿಗಳ ಮೇಲೆ ಜಾಗ ಬಿಟ್ಟಿರುತ್ತಾರೆ. ಫೋನಿನ ಗಡ್ಡದವನು ಇದನ್ನು ಹೇಳಿರಲಿಲ್ಲ. ಹೇಳಿದ್ದರೂ ನಾನು ಆ ಭಾಗವನ್ನು ಓಡಿಸಿ ನೋಡಿರಬೇಕು.

ಅಳತೆಯ ವಿಷಯದಲ್ಲಿ ನನ್ನ ಕಣ್ಣಿಗೆ ಕತ್ತಲು ಬಂತು. ಒಂದಿಷ್ಟು ಮರವನ್ನು ಮಾರಿ, ಆ ದುಡ್ಡಲ್ಲಿ ನೆಲಕ್ಕೂ ಮಾಡಿಗೂ ಹಲಗೆ ಕೊಳ್ಳುವುದು ನನ್ನ ಜಾಣ ಉಪಾಯ. ದುಂಡು ಮರದ ಲೆಕ್ಕ ಹೇಗೆಂದರೆ, ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಬೇಕು. ಅದು ಸಿಎಫ್‌ಟಿ, ಅಂದರೆ ಘನ ಅಡಿ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬಾತ 1736ರಲ್ಲೇ ಈ ಲೆಕ್ಕದ ಕೋಷ್ಟಕಗಳನ್ನು ಅಚ್ಚು ಹಾಕಿಸಿದ್ದ. ಆತನ ಸೂತ್ರದಲ್ಲಿ ನನ್ನ 1200 ಅಡಿ ದಿಮ್ಮಿ 514 ಸಿಎಫ್‌ಟಿ. ಸಾಕ್ಷಾತ್ ಮರ ಅದರಲ್ಲಿ 654 ಇದೆ. ಕೊಯ್ದಾಗ ಹೋಗುವ ಸಿಪ್ಪೆ, ಹೊಟ್ಟಿಗೆಂದು ಐದರಲ್ಲೊಂದು ಪಾಲನ್ನು ಲೆಕ್ಕದಲ್ಲೇ ಬಿಟ್ಟುಬಿಡುತ್ತಾರೆ. ನಾನು ಸಾಮಿಲ್ಲಿನಿಂದ ಹಲಗೆ ಕೊಳ್ಳುವಾಗ ಮಾತ್ರ ಇಂಚಿಂಚಿಗೂ ದುಡ್ಡು. ಒಟ್ಟಿನಲ್ಲಿ ನನ್ನ ಮರ ತೋಟದ ಗೇಟು ದಾಟುವಾಗ ಸಣ್ಣದಾಗುತ್ತದೆ, ವಾಪಸು ಬರುವಾಗ ದೊಡ್ಡದಾಗಿರುತ್ತದೆ. ಬೋರ್ಡಿಂಗ್ ಶಾಲೆಗೆ ಕಳಿಸಿದ ಮಕ್ಕಳಂತೆ, ಎರಡೂ ಸಲ ಖರ್ಚು ನನ್ನದೇ.

ಸಾಲಕ್ಕೆಂದು ಹೋದ ಕಡೆ ಅರ್ಜಿಯಲ್ಲಿ “ಗೋಡೆ” ಎಂಬ ಜಾಗದಲ್ಲಿ “ಮರ” ಎಂದು ತುಂಬಿದೆ. ಅಲ್ಲಿದ್ದ ಹುಡುಗಿ ವಿನಯದಿಂದ, “ಬಾಗಿಲಲ್ಲ ಅಂಕಲ್, ಗೋಡೆ ಕೇಳಿರೋದು” ಅಂದಳು. “ಗೋಡೆಯೇ ಮರ” ಅಂದೆ. ಅವಳು ಒಳಗೆ ಹೋಗಿ ಇಬ್ಬರನ್ನು ಕರೆತಂದಳು. ಅವರಿಬ್ಬರೂ ಅರ್ಜಿಯನ್ನು ಬಿಟ್ಟು ನನ್ನ ಅಂಗಿಯನ್ನು ನೋಡಿದರು.

ಮೈಸೂರಿನ ಭಾವಮೈದ ಬುದ್ಧಿವಂತ. “ಭಾವ, ಈ ತಲೆನೋವೇ ಬೇಡ. ಹೊರದೇಶದ ಪೈನ್ ಮರದ ರೆಡಿಮೇಡ್ ಮನೆ ಬರುತ್ತೆ, ಬಂದು ಜೋಡಿಸೋದಷ್ಟೇ” ಎಂದು ಯಾರಿಂದಲೋ ದರಪಟ್ಟಿ ತರಿಸಿದ. ಮೊತ್ತ ಎಷ್ಟೆಂದು ಹೇಳಲಾರೆ; ನಿಮ್ಮಲ್ಲೂ ಬಿ.ಪಿ. ಇರುವವರಿದ್ದೀರಿ. ಅದನ್ನು ಹೇಗೋ ಬಜೆಟ್ಟಿಗೆ ಹೊಂದಿಸಲು ನಾನು “ಇತರೆ” ಎಂಬ ಸಾಲೊಂದನ್ನು ಸೇರಿಸಿದೆ. ಅಡಿಪಾಯ, ಸಾಗಣೆ, ಗೆದ್ದಲಿನ ಔಷಧಿ, ವೈರಿಂಗಿಗೆ ದಿಮ್ಮಿ ಕೊರೆಯುವ ಕೂಲಿ, ಎಲ್ಲವನ್ನೂ ಅದರೊಳಗೆ ತುರುಕಿದೆ. ಕೊನೆಗೆ ನೋಡಿದರೆ ಮನೆಗಿಂತ ಇತರೆಯೇ ಹೆಚ್ಚು. “ಇತರೆಯಲ್ಲೇ ಒಂದು ಮನೆ ಕಟ್ಟಬಹುದಿತ್ತಲ್ಲ” ಎಂದಳು ನಮ್ಮವಳು.

ಕೆಣಕಿದರೆ ನನಗೆ ಇತಿಹಾಸ ನೆನಪಾಗುತ್ತದೆ. “ರಷ್ಯಾದ ಕಿಝಿ ದ್ವೀಪದಲ್ಲಿ 1714ರ ಮರದ ಚರ್ಚು ಇವತ್ತಿಗೂ ನಿಂತಿದೆ. ಇಪ್ಪತ್ತೆರಡು ಗುಮ್ಮಟ! ಗೋಡೆಯೆಲ್ಲ ದಿಮ್ಮಿ!”

“ಅಲ್ಲಿ ಗೆದ್ದಲು ಉಂಟಾ?”

“…”

“ನಮ್ಮಷ್ಟು ಮಳೆ?”

ನಮ್ಮಲ್ಲಿ ಇವತ್ತಿಗೂ ಮಳೆಯನ್ನು ಇಂಚಿನಲ್ಲಿ ಅಳೆಯುತ್ತೇವೆ. ಮಿಲಿಮೀಟರಿನಲ್ಲಿ ಬರೆದರೆ ಪುಸ್ತಕ ಸಾಲದು. ಮರದೊಳಗಿನ ತೇವ ನೂರಕ್ಕೆ ಇಪ್ಪತ್ತು ದಾಟಿದರೆ ಸಾಕು, ಅದನ್ನು ಕೊಳೆಸುವ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮನೆಯಲ್ಲಿ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಲ್ಟು ಹಸಿರಾಗುತ್ತದೆ. ಆಚಾರಿಯೂ ಅವಳ ಪಕ್ಷಕ್ಕೇ ಸೇರಿಕೊಂಡರು. “ಹಳೇ ಮನೆತನಗಳ ಐನ್‌ಮನೆ ನೋಡಿದ್ದೀರಲ್ಲ ಸಾರ್? ಎತ್ತರದ ಜಗಲಿ, ಮುಂದಕ್ಕೆ ಚಾಚಿದ ಮಾಡು, ಗೋಡೆ ಮಣ್ಣಿನದು. ಕೆತ್ತನೆಯ ಕಂಬ, ಕೂರುವ ಐಮರ, ಎಲ್ಲ ಮಾಡಿನ ಒಳಗೆ. ಹಳಬರು ಮರವನ್ನು ಮಳೆಯ ಕಣ್ಣಿಗೇ ಹಾಕಲಿಲ್ಲ. ನೀವು ಮರವನ್ನೇ ಮಳೆಗೆ ಗೋಡೆ ಮಾಡ್ತೀರಿ.” 1792ರಲ್ಲಿ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಲು ತೊಡಗಿದ ನಾಲ್ಕುನಾಡು ಅರಮನೆಯ ಮರದ ಕಂಬಗಳನ್ನು ನಾನು ಉದಾಹರಣೆಗೆ ಎಳೆದೆ. ಅವೂ ಮಾಡಿನ ಕೆಳಗೇ ಇವೆ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಆದರೂ ಹಟ. ಕುಯ್ಲು ಮುಗಿದ ಮೇಲೆ ಬಳ್ಳಿಯಿಲ್ಲದ ಕೆಲವು ಸಿಲ್ವರ್ ಓಕ್ ಕಡಿಸಿ, ಮನೆಯ ಹಿಂದೆ ಆರಡಿ ಎತ್ತರದ ದಿಮ್ಮಿ ಗುಡಿಸಲೊಂದನ್ನು ಎಬ್ಬಿಸಿದೆ. ಹೊರಗೆ ಅದಕ್ಕೆ ಪ್ರಾಯೋಗಿಕ ಯೋಜನೆ ಎಂದು ಹೆಸರು. ಮನೆಯೊಳಗೆ ಸೌದೆ ಕೊಟ್ಟಿಗೆ. ಬಾಗಿಲ ಮೇಲೆ ಜಾಗ ಬಿಡಿ ಎಂದು ಆಚಾರಿ ಹೇಳಿದ್ದರು. ಜಾಗ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಎಂದು ನಾನು ಬಿಡಿಸಲಿಲ್ಲ. ಬೇಸಗೆ ಬಿಸಿಲು ಸರಿಯಾಗಿ ಕಾಯಿಸಿತು. ಒಂದು ಮಧ್ಯಾಹ್ನ ಒಳಗೆ ಕೂತು ಫೋಟೋ ತೆಗೆದುಕೊಳ್ಳೋಣವೆಂದು ಚೌಕಳಿ ಅಂಗಿ ಹಾಕಿಕೊಂಡು ಹೋಗಿ, ಚೌಕಟ್ಟಿಗೆ ಉಜ್ಜುತ್ತಿದ್ದ ಬಾಗಿಲನ್ನು ಜೋರಾಗಿ ಎಳೆದುಕೊಂಡೆ. ಗೋಡೆ ಕುಳಿತಿತ್ತು, ಚೌಕಟ್ಟು ಬಾಗಿಲನ್ನು ಕಚ್ಚಿ ಹಿಡಿಯಿತು. ತಳ್ಳಿದೆ, ಒದ್ದೆ, ಕೂಗಿದೆ. ನಮ್ಮವಳು ಬಂದು ದಿಮ್ಮಿಗಳ ಸಂದಿನಿಂದ ಇಣುಕಿ, “ಕಾಫಿ ಇಲ್ಲೇ ಕುಡೀತೀರಾ?” ಎಂದು ಕೇಳಿದಳು. ಸಂದು ಸಾಕಷ್ಟು ಅಗಲವಿದ್ದುದರಿಂದ ಲೋಟ ಸಲೀಸಾಗಿ ಬಂತು. ಆಚಾರಿ ಬಂದು ಬಾಗಿಲು ಕೊಯ್ದು ನನ್ನನ್ನು ಹೊರತೆಗೆದರು. ಆ ಕೂಲಿಯನ್ನು “ಇತರೆ”ಗೆ ಬರೆದಳು.

ಜೂನ್‌ನಲ್ಲಿ ಮಳೆ ಹಿಡಿಯಿತು. ಉತ್ತರದ ಗೋಡೆಯ ತುಂಬ ಅಣಬೆ. “ಅಂತೂ ನಿಮ್ಮ ಮನೆಯಿಂದ ಒಂದು ಬೆಳೆ ಬಂತು” ಎಂದಳು. ತಿನ್ನುವ ಜಾತಿಯೋ ಎಂದು ಅಕ್ಕಪಕ್ಕದವರನ್ನು ವಿಚಾರಿಸಿದೆವು. ಅದೂ ಅಲ್ಲವಂತೆ.

ಕೊನೆಗೆ ಕಾಫಿ ದುಡ್ಡು ಹೋದದ್ದು ಸೋರುವ ಮಾಡಿನ ರಿಪೇರಿಗೆ ಮತ್ತು ಕಾಫಿ ಒಣಗಿಸುವ ಸಿಮೆಂಟು ಕಣಕ್ಕೆ. ಅವಳ ಬಜೆಟ್ಟಿನಲ್ಲಿ ಎರಡೇ ಸಾಲು. “ಇತರೆ” ಇರಲೇ ಇಲ್ಲ. ನನ್ನ ಮುಖ ನೋಡಲಾರದೆ ಉಳಿದ ಸಿಮೆಂಟಿನಲ್ಲಿ ಪೋರ್ಟಿಕೋಗೆ ಎರಡು ಕಂಬ ಮಾಡಿಸಿಕೊಟ್ಟಳು. ಪಾರ್ಕುಗಳ ಬೆಂಚಿನಲ್ಲಿ ಮಾಡುತ್ತಾರಲ್ಲ, ಆ ಕೆಲಸ: ತೊಗಟೆ, ಗಂಟು, ಕಡಿದ ಕೊಂಬೆಯ ಗುರುತು, ಮೇಲೆ ಕಂದು ಬಣ್ಣ. ಬಂದ ನೆಂಟರು ತಟ್ಟಿ ನೋಡಿ “ಯಾವ ಮರ?” ಎನ್ನುತ್ತಾರೆ. “ಬೀಟೆ” ಎನ್ನುತ್ತೇನೆ. ಇದನ್ನಂತೂ ಯಾರೂ ರಿಡೀಮ್ ಮಾಡಿಸಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಈ ಕಾಯಿಲೆ ಶುರುವಾಗಿರಬಹುದು. ಮೊದಲು ಆರ್‌ಟಿಸಿ ನೋಡಿ, ಆಮೇಲೆ ಮಳೆ ನೋಡಿ, ಬಾಗಿಲ ಮೇಲೆ ಧಾರಾಳವಾಗಿ ಜಾಗ ಬಿಡಿ. ಬಜೆಟ್ಟಿನ ಮೊದಲ ಸಾಲು ಬರೆಯುವ ಮುನ್ನ ಪುಸ್ತಕವನ್ನು ಮನೆಯಾಕೆಯ ಕೈಗೆ ಕೊಡಿ. ಹೇಗೂ ಕೊನೆಯ ಸಾಲು ಅವರದ್ದೇ. ಮೊದಲಿನಿಂದಲೇ ಅವರೇ ಬರೆದರೆ ಒಂದು ಅಂಗಿಯ ದುಡ್ಡಾದರೂ ಉಳಿಯುತ್ತದೆ.