ನಮ್ಮನೆಗೆ ಹೊಸ ಡ್ರೈವರ್ ಬಂತು

ಕನ್ನಡದಲ್ಲಿ ಮನುಷ್ಯರನ್ನು ‘ಅದು’ ಎಂದರೆ ಒಂದೋ ವಿಪರೀತ ಮುದ್ದು, ಇಲ್ಲವೇ ವಿಪರೀತ ಸಿಟ್ಟು. ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕರ್ನಲ್ ಸಾಹೇಬರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. “ಡ್ರೈವರ್ ಬದಲಾಯಿಸಲೇಬೇಕು ಸಾರ್. ಹನ್ನೊಂದು ವರ್ಷ ಆಯ್ತು. ಮೊದಮೊದಲು ನೆಟ್ಟಗೇ ಇತ್ತು. ಈಗ ಏನು ಮಾಡಿದ್ರೂ ಬಲಕ್ಕೇ ಎಳೆಯುತ್ತೆ. ನಿನ್ನೆ ಸೀದಾ ಕೆರೆಗೆ ಹಾಕ್ತು. ಎಷ್ಟು ಅಂತ ಸಹಿಸ್ಕೊಳ್ಳೋದು? ಯಾರಿಗಾದ್ರೂ ಕೊಟ್ಟು ಕೈ ತೊಳ್ಕೋತೀನಿ.”

ಮುಂದೆ ಸ್ಟಿಯರಿಂಗ್ ಹಿಡಿದಿದ್ದವನು ನಮ್ಮ ಮನೆಯಲ್ಲಿ ಸರಿಯಾಗಿ ಹನ್ನೊಂದು ವರ್ಷದಿಂದ ಇರುವ ಡ್ರೈವರು. ಅವತ್ತು ಇಡೀ ದಾರಿ ಕಾರು ರಸ್ತೆಯ ಎಡ ಅಂಚು ಬಿಟ್ಟು ಕದಲಲಿಲ್ಲ. ಸಂಜೆ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡನಂತೆ: “ಕೆಲಸದಿಂದ ಬಿಡ್ಸೋದಾದ್ರೆ ಬಿಡ್ಸಲಿ ಅಮ್ಮಾ. ಆದ್ರೆ ಸಾರು ನನ್ನ ‘ಅದು’ ಅಂದ್ರು. ಅದೊಂದು ಮನಸ್ಸಿಗೆ ನೋವಾಯ್ತು. ನಾನು ಯಾವತ್ತು ಗಾಡಿ ಕೆರೆಗೆ ಹಾಕಿದೀನಿ, ನೀವೇ ಹೇಳಿ.” ಅವಳು ಒಳಗೆ ಹೋಗಿ ಮೂಲೆಯಲ್ಲಿದ್ದ ಉದ್ದನೆಯ ಕೋಲನ್ನು ತಂದು ಅವನ ಕೈಗೆ ಕೊಟ್ಟು, “ಇಗೋ, ನಿಮ್ಮೆಜಮಾನ್ರ ಇನ್ನೊಬ್ಬ ಡ್ರೈವರ್ ಇವನು. ಕೆರೆಗೆ ಹಾಕಿದ್ದೂ ಇವನೇ” ಎಂದಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕೆ ಡ್ರೈವರ್ ಅಂತಾರಾ? ಹಾಗಾದ್ರೆ ಓಡ್ಸೋರು ಸಾರೇ ಅಲ್ವಾ?” ಎಂದು ಕೇಳಿದನಂತೆ. ಒಂದೆರಡು ತಿಂಗಳ ನಂತರ, 50,000 ರೂಪಾಯಿ ಕಳೆದುಕೊಂಡ ಮೇಲೆ ನನಗೆ ಹೊಳೆದದ್ದು ಅವನಿಗೆ ಒಂದು ನಿಮಿಷದಲ್ಲಿ ಹೊಳೆದಿತ್ತು.

ಗಾಲ್ಫ್ ಕ್ಲಬ್ಬಿಗೆ ನಾನು ಅರ್ಜಿ ಹಾಕಿದಾಗ ನನ್ನ ಬೆನ್ನು ಬಗ್ಗುತ್ತಿತ್ತು. ಸದಸ್ಯತ್ವದ ಕಾಗದ ಬರುವ ಹೊತ್ತಿಗೆ ಬಗ್ಗುತ್ತಿರಲಿಲ್ಲ. ಬೆಂಗಳೂರಿಗೆ ಗಾಲ್ಫ್ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ನಾನು ಮಾತ್ರ ತಡ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕಲಿತ ಆಟವಾದ್ದರಿಂದ ನನ್ನ ಚೆಂಡಿಗೂ ಒಂದು ನಿವೃತ್ತ ಸ್ವಭಾವ ಬಂದಿದೆ: ಉತ್ಸಾಹದಿಂದ ಹೊರಡುತ್ತದೆ, ಅರ್ಧ ದಾರಿಯಲ್ಲಿ ಬೇರೇನೋ ನೆನಪಾಗಿ ಬಲಕ್ಕೆ ಹೊರಳುತ್ತದೆ. ಇದಕ್ಕೆ ಸ್ಲೈಸ್ ಎನ್ನುತ್ತಾರೆ. ಕೋಲು ಬೀಸಿ ಬರುವ ದಾರಿ ಒಂದು, ಆ ಗಳಿಗೆಯಲ್ಲಿ ಅದರ ಮುಖ ನೋಡುತ್ತಿರುವ ದಿಕ್ಕು ಇನ್ನೊಂದು ಆದಾಗ ಚೆಂಡು ಓರೆಯಾಗಿ ಗಿರಗಿರ ತಿರುಗಿ, ಬಲಗೈಯವರಿಗೆ ಬಲಕ್ಕೆ ಬಾಗುತ್ತದೆ. ದೋಷ ಪೂರ್ತಿ ಕೈಯದು. ಆದರೆ ಕೈ ಬದಲಾಯಿಸಿ ಕೊಡುವ ಅಂಗಡಿ ಎಲ್ಲೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಲ್ಫ್ ಮೈದಾನದ ನೆಲ ನಿಜಕ್ಕೂ ಡೊಂಕು. ಲಕ್ಷಗಟ್ಟಲೆ ಸುರಿದು ಡೊಂಕು ಮಾಡಿಸಿರುತ್ತಾರೆ. ಹಾಗಾಗಿ ನಮ್ಮಂಥವರು ಕೋಲು ಡೊಂಕು ಎನ್ನಬೇಕಾಗುತ್ತದೆ.

ಗಾಲ್ಫಿನ ಚೀಲದಲ್ಲಿ 14 ಕೋಲುಗಳನ್ನು ಇಟ್ಟುಕೊಳ್ಳಬಹುದು. ಹದಿಮೂರನ್ನು ಯಾರೂ ವಿಚಾರಿಸುವುದಿಲ್ಲ. ಎಲ್ಲರ ಕಣ್ಣೂ ಡ್ರೈವರಿನ ಮೇಲೆ. ಉದ್ದಕ್ಕೆ ಅದೇ ದೊಡ್ಡಣ್ಣ, ತಲೆಯೂ ಅದರದ್ದೇ ದಪ್ಪ. ಹಿಂದೆ ಈ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಲ್ಲಿ ಕೆತ್ತುತ್ತಿದ್ದರು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಲೋಹದ್ದನ್ನು ಮಾರುಕಟ್ಟೆಗೆ ತಂದಿತು. ಮರ ಹೋಗಿ ಎಷ್ಟೋ ಕಾಲವಾಗಿದ್ದರೂ ಆ ಜಾತಿಯ ಕೋಲುಗಳಿಗೆ ‘ವುಡ್’ ಎಂಬ ಹೆಸರು ಹೋಗಿಲ್ಲ, ನಮ್ಮಲ್ಲಿ ಕೆರೆ ಹೋಗಿ ಲೇಔಟಾದರೂ ಬಸ್ ಸ್ಟಾಪಿನ ಹೆಸರಲ್ಲಿ ಕೆರೆ ಉಳಿಯುವ ಹಾಗೆ. 1991ರಲ್ಲಿ ಕ್ಯಾಲವೇ ಕಂಪನಿ ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರಿಟ್ಟು ‘ಬಿಗ್ ಬರ್ತಾ’ ತಂದಾಗ ಅಬ್ಬಾ, ಎಂಥ ಬುರುಡೆ ಎಂದು ಜನ ಬಾಯಿ ಬಿಟ್ಟು ನೋಡಿದರು. ಅದು ಬರೀ 190 ಸಿಸಿ. ಹೌದು, ಡ್ರೈವರಿನ ತಲೆಯನ್ನೂ ಬೈಕಿನ ಇಂಜಿನ್ನಿನ ಹಾಗೆ ಸಿಸಿಯಲ್ಲೇ ಅಳೆಯುತ್ತಾರೆ. ಈಗ ನಿಯಮ ಒಪ್ಪುವ ಗರಿಷ್ಠ ಗಾತ್ರ 460 ಸಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಬೈಕಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿದ ನನಗೆ, 460 ಸಿಸಿ ಇಟ್ಟುಕೊಂಡೂ ಚೆಂಡನ್ನು ಇನ್ನೂರು ಗಜ ದಾಟಿಸಲಾಗುವುದಿಲ್ಲ ಎಂಬುದು ಅವಮಾನದ ಸಂಗತಿ.

ಡ್ರೈವರ್ ಕೊಳ್ಳಬೇಕು ಎಂದು ಬಾಯಿ ತಪ್ಪಿ ಅಂದರೆ ಮುಗಿಯಿತು, ಮಗಳಿಗೆ ಗಂಡು ನೋಡುತ್ತಿದ್ದೇವೆ ಎಂದ ಹಾಗೆಯೇ. ಕ್ಲಬ್ಬಿನ ವರಾಂಡದಲ್ಲಿ ದೋಸೆ ತಿನ್ನುತ್ತಿದ್ದವರೆಲ್ಲ ಸಲಹೆಗಾರರಾದರು. ರಾಯರ ಪ್ರಕಾರ ಲಾಫ್ಟ್, ಅಂದರೆ ಕೋಲಿನ ಮುಖದ ಓರೆ, ಹನ್ನೆರಡು ಡಿಗ್ರಿ ಇರಬೇಕು. ಇಲ್ಲದಿದ್ದರೆ ಚೆಂಡು ಏಳುವುದೇ ಇಲ್ಲ. ಗೌಡರ ಪ್ರಕಾರ ಒಂಬತ್ತೇ ಇರಬೇಕು, ಇಲ್ಲದಿದ್ದರೆ ಗಾಳಿಪಟ. ಕರ್ನಲ್ ಸಾಹೇಬರು ಕೊಡಗಿನವರು, ಮಾತು ಕಮ್ಮಿ. “ಸ್ಟಿಫ್ ಶಾಫ್ಟ್ ತಗೊಳ್ಳಿ. ಗಂಡಸಾದವನು ಸ್ಟಿಫ್ ಬಿಟ್ಟು ಇನ್ನೊಂದು ಮುಟ್ಟಬಾರದು” ಎಂದಷ್ಟೇ ಹೇಳಿ ಚಟ್ನಿ ಹಾಕಿಸಿಕೊಂಡರು. ಈ ಮೂವರ ಚೆಂಡುಗಳೂ ನನ್ನ ಚೆಂಡಿನ ಜೊತೆ ಅದೇ ನೀಲಗಿರಿ ತೋಪಿನಲ್ಲಿ ಸಿಗುತ್ತವೆ ಎಂಬುದನ್ನು ನಾನು ಆಗ ನೆನೆಯಲಿಲ್ಲ.

ಅಂಗಡಿಯಲ್ಲಿ ನನ್ನ ಮೊಮ್ಮಗನ ವಯಸ್ಸಿನ ಹುಡುಗನೊಬ್ಬ ಬಲೆಯ ಮುಂದೆ ನಿಲ್ಲಿಸಿ ಹೊಡೆಯಿರಿ ಎಂದ. ಪಕ್ಕದಲ್ಲಿ ಒಂದು ಪೆಟ್ಟಿಗೆ. ಪ್ರತಿ ಹೊಡೆತಕ್ಕೂ ಪರದೆಯ ಮೇಲೆ ಅಂಕಿಗಳು. ಕೋಲಿನ ವೇಗ ಗಂಟೆಗೆ 78 ಮೈಲಿ. ವೃತ್ತಿಪರರದ್ದು 110ರ ಮೇಲೆ ಎಂದು ನಾನು ಕೇಳದೇ ಇದ್ದರೂ ಹೇಳಿದ. ಚೆಂಡಿನ ವೇಗ, ಏಳುವ ಕೋನ, ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎಲ್ಲ ಬಂತು. ಆ ಹುಡುಗ ಅದನ್ನು ನೋಡಿ ಹುಬ್ಬು ಗಂಟಿಕ್ಕಿದ್ದು ನಮ್ಮೂರ ಜೋಯಿಸರು ಜಾತಕ ನೋಡಿ ಗಂಟಿಕ್ಕುತ್ತಿದ್ದ ಹಾಗೇ. “ಸ್ಪಿನ್ ಜಾಸ್ತಿ ಇದೆ ಅಂಕಲ್” ಎಂದಾಗ ನನಗೆ ‘ಶನಿ ಎಂಟರಲ್ಲಿದ್ದಾನೆ’ ಎಂದೇ ಕೇಳಿಸಿತು. ಪರಿಹಾರವೂ ಇತ್ತು: ಚಿಕ್ಕ ಸ್ಪ್ಯಾನರ್ ಹಾಕಿ ಕೋಲಿನ ಕತ್ತು ತಿರುಗಿಸಿದ. ಇನ್ನು ಬಲಕ್ಕೆ ಹೋಗುವುದು ಕಡಿಮೆಯಾಗುತ್ತದಂತೆ.

ಆಮೇಲೆ ಶಾಫ್ಟ್, ಅಂದರೆ ಕೋಲಿನ ದಂಡ ಎಷ್ಟು ಬಾಗಬೇಕು ಎಂಬುದು. “ನಿಮ್ಮ ಸ್ಪೀಡಿಗೆ ಸೀನಿಯರ್ ಫ್ಲೆಕ್ಸ್ ಸರಿಹೋಗುತ್ತೆ” ಎಂದ. ಬ್ಯಾಂಕಿನ ಠೇವಣಿಯಲ್ಲಿ ಹಿರಿಯ ನಾಗರಿಕ ಎಂದು ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿ ಕೊಟ್ಟರೆ ಎದೆಯುಬ್ಬಿಸಿ ತೆಗೆದುಕೊಳ್ಳುವ ನಾನು, ಬಸ್ಸಿನಲ್ಲಿ ಹಿರಿಯರ ಸೀಟಿಗಾಗಿ ಕಾಲೇಜು ಹುಡುಗರನ್ನು ಎಬ್ಬಿಸುವ ನಾನು, ಅಲ್ಲಿ ಮಾತ್ರ “ರೆಗ್ಯುಲರ್ ಕೊಡಪ್ಪ” ಎಂದೆ. ಅವನು ಮರುಮಾತಾಡಲಿಲ್ಲ. ಇಂಥವರನ್ನು ದಿನಕ್ಕೆ ಹತ್ತು ಜನ ನೋಡುತ್ತಾನೆ ಅಂತ ಕಾಣುತ್ತದೆ. ಉದ್ದ ಎಷ್ಟಿರಬಹುದು ಎಂದೂ ವಿಚಾರಿಸಿದೆ. ನಿಯಮದಂತೆ 48 ಇಂಚಿನವರೆಗೂ ಇರಬಹುದು, ದೊಡ್ಡ ಪಂದ್ಯಗಳಲ್ಲಿ 46ಕ್ಕೆ ಮಿತಿ ಹಾಕಲು 2022ರಿಂದ ಅವಕಾಶವಿದೆ, ನಿಮಗೆ 45 ಧಾರಾಳ ಎಂದ.

ಬೆಲೆಯನ್ನು ಮನೆಯಲ್ಲಿ ಅರ್ಧ ಮಾಡಿ ಹೇಳಿದೆ. ಆ ಅರ್ಧಕ್ಕೇ ಅವಳು ಕುಕ್ಕರಿನ ವಿಷಲ್ ಎಣಿಸುವುದನ್ನು ಮರೆತಳು. “ಏನ್ರೀ, ಅಷ್ಟು ದೂರ ಹೊಡೆದು ಏನಾಗಬೇಕಾಗಿದೆ? ಆ ಅದಿತಿ ಅಶೋಕ್ ದೂರ ಹೊಡೆಯೋದರಲ್ಲಿ ಬಹಳ ಜನರಿಗಿಂತ ಹಿಂದೆ ಅಂತ ಟೀವೀಲಿ ಹೇಳ್ತಿದ್ರಲ್ಲ. ಆದ್ರೂ ಒಲಿಂಪಿಕ್ಸಲ್ಲಿ ನಾಲ್ಕನೇದಾಗಿ ಬರ್ಲಿಲ್ವಾ?” ಎಂದಳು. ಅದಿತಿ ನಾಲ್ಕನೆಯವಳಾಗಿ ಬಂದದ್ದು 2021ರ ಆಗಸ್ಟ್ 7ರಂದು. ಅವತ್ತು ಬೆಳಗಿನ ಜಾವವೇ ಎದ್ದು, ಗಾಲ್ಫಿನ ತಲೆಬುಡ ಗೊತ್ತಿಲ್ಲದ ನಮ್ಮ ಬೀದಿಯ ಹೆಂಗಸರೆಲ್ಲ ಟೀವಿ ಮುಂದೆ ಕೂತಿದ್ದರು. ಬೆಂಗಳೂರಿನ ಹುಡುಗಿ ಟೋಕಿಯೋದಲ್ಲಿ ಆಡುತ್ತಿದ್ದಳು, ಅವಳ ಚೀಲ ಹೊತ್ತಿದ್ದವರು ಅವಳಮ್ಮ. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿದಾಗ ಇವಳು ಕಣ್ಣೊರೆಸಿಕೊಂಡಿದ್ದು ನನಗೆ ನೆನಪಿದೆ. ಈ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅದರ ಮೇಲೆ ಲೆಕ್ಕ ಬೇರೆ ಕಾಡತೊಡಗಿತು, ಬ್ಯಾಂಕಿನವನಲ್ಲವೇ. ಕೋಲು ಚೆಂಡನ್ನು ಮುಟ್ಟಿಕೊಂಡಿರುವುದು ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡು. 18 ಹೋಲುಗಳಲ್ಲಿ ಚಿಕ್ಕ ನಾಲ್ಕನ್ನು ಬಿಟ್ಟರೆ ಡ್ರೈವರ್ ಎತ್ತುವುದು 14 ಸಲ. ಅಂದರೆ ಒಂದು ಇಡೀ ಸುತ್ತಿಗೆ ಏಳು ಮಿಲಿಸೆಕೆಂಡಿನ ಉಪಯೋಗ. ನಮ್ಮನೆಯ ಮಿಕ್ಸಿ ಒಂದು ಚಟ್ನಿಗೇ ಅದರ ಸಾವಿರಾರು ಪಟ್ಟು ದುಡಿಯುತ್ತದೆ, ಅದೂ ಹತ್ತನೇ ಒಂದು ಭಾಗದ ಬೆಲೆಗೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕಾರು, ಸೈಕಲ್ಲು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಪೂಜೆ. ಬೆಲೆಯ ಬಗ್ಗೆ ಏನೇ ಅಂದರೂ ಹೆಂಡತಿ ಪೂಜೆಯಲ್ಲಿ ಭೇದ ಮಾಡಲಿಲ್ಲ. ಹೊಸ ಡ್ರೈವರನ್ನು ಮಣೆಯ ಮೇಲೆ ಒರಗಿಸಿ, ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಅದರ ಮುಖದ ನಟ್ಟನಡುವೆ, ಅಳತೆ ಹಿಡಿದು ಇಟ್ಟ ಹಾಗೆ, ಎಂಟಾಣೆಯಗಲದ ಬೊಟ್ಟು ಇಟ್ಟಳು. ಸೇವಂತಿಗೆ ಏರಿಸಿದಳು. ಕಾರಿನ ಡ್ರೈವರು ಕಾರಿಗೆ ಕುಂಬಳಕಾಯಿ ಒಡೆದು, “ಇವನಿಗೂ ಒಂದು ನಿಂಬೆಹಣ್ಣು ತುಳಿಸೋಣ ಸಾರ್” ಎಂದು ಹೊರಟ. ಯಾವ ಕಾಲಲ್ಲಿ ಎಂದು ಕೇಳಿ ತಡೆದೆ. ಅವನು ಆಗಲೇ ಅದನ್ನು ‘ಇವನು’ ಅನ್ನುತ್ತಿದ್ದ. ಸಹೋದ್ಯೋಗಿ ಎಂಬ ಗೌರವ.

ಬೊಟ್ಟು ಒರೆಸಲು ಮನಸ್ಸಾಗದೆ ಹಾಗೇ ಮೈದಾನಕ್ಕೆ ಒಯ್ದೆ. ಮೊದಲ ಟೀಯಲ್ಲೇ, ಅಂದರೆ ಆಟ ಶುರುಮಾಡುವ ಜಾಗದಲ್ಲೇ, ಕರ್ನಲ್ ಸಾಹೇಬರು ತಕರಾರು ತೆಗೆದರು: ಕೋಲಿನ ಮುಖಕ್ಕೆ ಏನನ್ನಾದರೂ ಬಳಿದು ಅದರ ಗುಣ ಬದಲಿಸಿ ಹೊಡೆದರೆ ನಿಯಮದ ಪ್ರಕಾರ ಆಟದಿಂದಲೇ ಹೊರಗೆ. “ಕುಂಕುಮ ಸಾರ್, ಗ್ರೀಸ್ ಅಲ್ಲ” ಎಂದೆ. “ಎಣ್ಣೆ ಇದೆಯಲ್ಲ” ಎಂದರು. ರಾಯರು ಮಧ್ಯೆ ಬಂದು, ದೇವರ ವಿಷಯ, ಮೊದಲು ಹೊಡೆಯಲಿ, ಗುಣ ಬದಲಾಯಿತೋ ಇಲ್ಲವೋ ಆಮೇಲೆ ತೀರ್ಮಾನಿಸೋಣ ಎಂದರು.

ಹೊಡೆದೆ. ಹಳೆಯದು ‘ಟಕ್’ ಎನ್ನುತ್ತಿತ್ತು, ಇದು ತುಂಬಿದ ಕೊಡಕ್ಕೆ ಬೆರಳಲ್ಲಿ ತಟ್ಟಿದ ಹಾಗೆ ಗಂಭೀರವಾಗಿ ‘ಧುಮ್’ ಎಂದಿತು. ಚೆಂಡು ನೇರವಾಗಿ ಹೋಯಿತು! ತುಸು ಎಡಕ್ಕೇ ಹೋಯಿತು ಅನ್ನಿ, ಆದರೆ ಹನ್ನೊಂದು ವರ್ಷದಲ್ಲಿ ನಾನು ಎಡ ಕಂಡವನಲ್ಲ. ಎರಡನೆಯದೂ ಹಾಗೇ. ಮೂರನೆಯದು ಕೂಡ. ನಾಲ್ಕನೆಯದರಲ್ಲಿ ಸ್ಲೈಸ್ ವಾಪಸ್ ಬಂತು. ಗಂಡನ ಮನೆಗೆ ಹೋಗಿದ್ದ ಮಗಳು ಹಬ್ಬಕ್ಕೆ ತವರಿಗೆ ಬರುವ ಹಾಗೆ ಮಕ್ಕಳು ಮರಿ ಸಮೇತ ಬಂತು. ಐದನೆಯದು ನೀಲಗಿರಿ ತೋಪು, ಆರನೆಯದು ಕೆರೆ, ಏಳನೆಯದು ಪಕ್ಕದ ಹೋಲಿನಲ್ಲಿ ಆಡುತ್ತಿದ್ದವರ ಕೊಡೆ.

ಒಂಬತ್ತು ಹೋಲು ಮುಗಿಸಿ ಎಳನೀರಿಗೆ ನಿಂತಾಗ ನನ್ನ ಚೀಲ ಹೊರುವ ಕ್ಯಾಡಿ ಡ್ರೈವರಿನ ಮುಖ ಒರೆಸಲು ಬಟ್ಟೆ ಎತ್ತಿದವನು ಹಾಗೇ ನಿಂತ. ನನ್ನ ಕ್ಯಾಡಿಗೆ ಈ ಆಟ ನನಗಿಂತ ಮೂವತ್ತು ವರ್ಷ ಹಳೆಯದು. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರೇ ಎಂಬುದನ್ನು ನನ್ನ ಪ್ರತಿ ಕೆಟ್ಟ ಹೊಡೆತದ ನಂತರ ಯಾಕೋ ಜ್ಞಾಪಿಸುತ್ತಾನೆ. “ಸಾರ್, ಇಲ್ಲಿ ನೋಡಿ” ಎಂದು ಕೋಲನ್ನು ಬಿಸಿಲಿಗೆ ತಿರುಗಿಸಿದ. ಮುಖದ ಹಿಮ್ಮಡಿಯ ಕಡೆ ಚೆಂಡಿನ ಗುಳಿಗಳ ಅಚ್ಚು, ಬಿಳಿ ಬಿಳಿಯಾಗಿ ನಾಲ್ಕು. ಕಾಲ್ಬೆರಳಿನ ಕಡೆ ಎರಡು. ನೆತ್ತಿಯ ಅಂಚಿನಲ್ಲಿ ಒಂದು, ಅಲ್ಲಿ ಬಣ್ಣವೂ ಸ್ವಲ್ಪ ಎದ್ದಿತ್ತು. ನಡುವೆ, ಆ ಗಂಡಾಂತರಗಳ ಮಧ್ಯೆ, ಕುಂಕುಮದ ಬೊಟ್ಟು ಬೆಳಿಗ್ಗೆ ಇಟ್ಟ ಹಾಗೇ ದುಂಡಗೆ, ಕೆಂಪಗೆ, ಒಂದು ಕಣವೂ ಅಲುಗದೆ ಕೂತಿತ್ತು.

ಕರ್ನಲ್ ಸಾಹೇಬರು ಕನ್ನಡಕ ಏರಿಸಿ ಪರೀಕ್ಷೆ ಮಾಡಿದರು. “ನನ್ನ ತಕರಾರು ವಾಪಸ್. ಇದರಿಂದ ಆಟಕ್ಕೆ ಯಾವ ಲಾಭವೂ ಆಗಿಲ್ಲ” ಎಂದರು.

ಅಂಗಡಿಯ ಲಕ್ಷಾಂತರದ ಪೆಟ್ಟಿಗೆ ಹೇಳದೇ ಇದ್ದದ್ದನ್ನು ಆ ಚಿಟಿಕೆ ಕುಂಕುಮ ಹೇಳಿತ್ತು. ಕ್ಯಾಡಿಯೇನೋ ಸಮಾಧಾನಕ್ಕೆ, “ಮುಹೂರ್ತ ಚೆನ್ನಾಗಿದೆ ಸಾರ್, ಬೊಟ್ಟು ಅಳಿಸಿಲ್ಲ” ಎಂದ. ಹದಿನಾರನೇ ಹೋಲಿನಲ್ಲಿ, ಬೆನ್ನು ಹಿಡಿದಿದ್ದರಿಂದ ಅರ್ಧ ಜೋರಿನಲ್ಲಿ ಬೀಸಿದೆ. ಚೆಂಡು ಸದ್ದಿಲ್ಲದೆ ಎದ್ದು, ಹಾದಿಯ ಮಧ್ಯಕ್ಕೇ ಹೋಗಿ ಬಿದ್ದು, ಇನ್ನೂ ಇಪ್ಪತ್ತು ಗಜ ಉರುಳಿತು. ಹತ್ತಿರ ಹೋಗಿ ನೋಡಿದರೆ ಚೆಂಡಿನ ಕೆನ್ನೆಗೆ ಕುಂಕುಮ. ಆ ಚೆಂಡನ್ನು ಮನೆಗೆ ತಂದು ಶೋಕೇಸಿನಲ್ಲಿ, ಮಗನ ಪದವಿಯ ಫೋಟೋದ ಪಕ್ಕ ಇಟ್ಟಿದ್ದೇನೆ. ಬಂದವರಿಗೆ ಉಳಿದ ಹದಿಮೂರರ ಕಥೆ ಹೇಳುವುದಿಲ್ಲ.

ಹಳೆಯ ಡ್ರೈವರನ್ನು ಕ್ಯಾಡಿಗೆ ಕೊಡಹೋದೆ. “ಬೇಡ ಸಾರ್, ಅದು ಬಲಕ್ಕೆ ಹೋಗೋದು ಕಲಿತುಬಿಟ್ಟಿದೆ” ಎಂದು ಕೈ ಮುಗಿದ. ಹಾಗಾಗಿ ಅದು ಮನೆಯಲ್ಲೇ ಉಳಿಯಿತು. ಹೋದ ವಾರ ಹಿತ್ತಲಿಗೆ ಹೋದಾಗ ಕಾರಿನ ಡ್ರೈವರು ಅದರ ತುದಿಗೆ ತಂತಿಯಲ್ಲಿ ಕುಡುಗೋಲಿನ ತುಂಡು ಕಟ್ಟಿ, ಸಂಪಿನ ಮುಚ್ಚಳದ ಮೇಲೆ ನಿಂತು ನುಗ್ಗೆಕಾಯಿ ಕೀಳುತ್ತಿದ್ದ. ಕೆಳಗೆ ಹೆಂಡತಿ ಬುಟ್ಟಿ ಹಿಡಿದಿದ್ದಳು. ದೋಟಿಯಾಗಿ ಅದು ನೆಟ್ಟಗೆ, ಹೇಳಿದ ಕಡೆ, ಒಂದು ಕಾಯಿಯನ್ನೂ ತಪ್ಪದೆ ಕೆಲಸ ಮಾಡುತ್ತಿತ್ತು.

“ಚೆನ್ನಾಗಿದೆ ರೀ ಇದು, ಹಗುರ” ಎಂದಳು. “ಆದರೆ ಸೀಬೆ ಮರದ ಮೇಲಿನ ಕೊಂಬೆ ಎಟುಕಲ್ಲ. ಮುಂದಿನ ಸಲ ತರುವಾಗ ಆ 48 ಇಂಚಿಂದೇ ನೋಡಿ ತನ್ನಿ.”