ವೀಸದ ತಲೆ

ನನ್ನ ಷಡ್ಡಕನ ಮನೆಯಲ್ಲಿ ಒಗ್ಗರಣೆ ಡಬ್ಬಿಗೆ ಕೈ ಹಾಕುವ ಮುಂಚೆ ಕೇಳಿಕೊಳ್ಳಬೇಕು. ಈ ಪಾಠವನ್ನು ನಾನು ಕಲಿತದ್ದು ಬಲಗೈ ತೋರುಬೆರಳಿನಿಂದ. ಸಾರಿಗೆ ಒಗ್ಗರಣೆ ಹಾಕೋಣವೆಂದು ದುಂಡನೆಯ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದವನು ನೋಡದೆಯೇ ಸಾಸಿವೆ ಬಟ್ಟಲಿಗೆ ಬೆರಳಿಟ್ಟೆ. ಚುಚ್ಚಿತು. ನೋಡಿದರೆ ಏಳೂ ಬಟ್ಟಲುಗಳಲ್ಲಿ ಕೊಕ್ಕೆ. ಒಂದೊಂದು ಕೊಕ್ಕೆಯ ಕುತ್ತಿಗೆಗೂ ಅಣಬೆಯಂಥ ಸೀಸದ ತಲೆ. ಸಾಸಿವೆಯ ಜಾಗದಲ್ಲಿ 1/16 ಔನ್ಸ್, ಜೀರಿಗೆಯಲ್ಲಿ 1/15, ಮೆಂತ್ಯದಲ್ಲಿ 1/10, ಕಡಲೆಬೇಳೆಯಲ್ಲಿ 1/8, ಉದ್ದಿನಬೇಳೆಯಲ್ಲಿ 1/6, ಅರಿಶಿನದಲ್ಲಿ 3/16, ನಡುವಿನ ಬಟ್ಟಲಲ್ಲಿ 1/5.

"ಅಯ್ಯೋ ಭಾವ, ಮಿಕ್ಸ್ ಮಾಡ್ಬಿಟ್ರಾ?" ಎಂದು ಷಡ್ಡಕ ಓಡಿಬಂದ. ಬೆರಳಿನ ರಕ್ತ ಅವನ ಕಣ್ಣಿಗೆ ಬಿದ್ದದ್ದು ಆಮೇಲೆ.

ಇಂಥವರು ನಿಮ್ಮ ಬಳಗದಲ್ಲೂ ಒಬ್ಬರಿರುತ್ತಾರೆ. ಹಿಡಿದರೆ ಉಡ. ಡಲ್ಲಾಸಿಗೆ ಬಂದ ಹೊಸತರಲ್ಲಿ ಇವನು ಹಿಡಿದದ್ದು ಕ್ಯಾಮರಾ. ಐದು ಲೆನ್ಸ್ ಕೊಂಡ. ಐದರಲ್ಲೂ ತೆಗೆದದ್ದು ಹಿತ್ತಲಿನ ಇಟ್ಟಿಗೆ ಗೋಡೆಯ ಚಿತ್ರ, ಯಾವುದು ಹೆಚ್ಚು ಸ್ಪಷ್ಟ ಎಂದು ನೋಡಲು. ಆಮೇಲೆ ಎಸ್ಪ್ರೆಸೊ ಯಂತ್ರ ಬಂತು. ಕಾಫಿ ಕೇಳಿದರೆ ಬೀಜ ತೂಗಿ, ಪುಡಿ ಮಾಡಿ, ನೀರಿನ ಉಷ್ಣತೆ ನೋಡಿ ಅವನು ಲೋಟ ಹಿಡಿಯುವಷ್ಟರಲ್ಲಿ, ನನ್ನ ನಾದಿನಿ ಫಿಲ್ಟರ್ ಕಾಫಿ ಬೆರೆಸಿ ಕೊಟ್ಟು ಲೋಟ ತೊಳೆದೂ ಇಟ್ಟಿರುತ್ತಿದ್ದಳು. ಈಗ ಬಾಸ್ ಮೀನು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮೈಸೂರಿನ ಅಗ್ರಹಾರದ ಹುಡುಗ!

ನಾನೂ ಚಿಕ್ಕಂದಿನಲ್ಲಿ ಮನೆಗೆ ತಿಳಿಯದಂತೆ ಗೆಳೆಯರ ಜೊತೆ ಊರ ಕೆರೆಗೆ ಗಾಳ ಹಾಕಿದವನೇ. ಬಿದಿರುಕಡ್ಡಿ, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಸಗಣಿಗುಂಡಿಯ ಎರೆಹುಳು. ಸೀಸ ಎಷ್ಟು ತೂಕದ್ದು ಎಂದು ಯಾರಾದರೂ ಕೇಳಿದ್ದರೆ "ಸಿಕ್ಕಷ್ಟು" ಎನ್ನುತ್ತಿದ್ದೆವು. ಜಿಲೇಬಿ ಮೀನು ಬೀಳುತ್ತಿತ್ತು.

ಷಡ್ಡಕನ ಮುಂದೆ ಒಮ್ಮೆ ಇದನ್ನು ಹೇಳಿದೆ. ಆದಿಮಾನವನನ್ನು ನೋಡುವಂತೆ ನೋಡಿ ನನ್ನನ್ನು ಕೂರಿಸಿಕೊಂಡ. ಜಿಗ್ ಹೆಡ್ ಅಂದರೆ ಕೊಕ್ಕೆಗೆ ಸೀಸವನ್ನು ಎರಕ ಹೊಯ್ದು ಕೂರಿಸಿದ ತಲೆ. ಅದಕ್ಕೆ ಎರಡೂವರೆ ಮೂರಂಗುಲದ ಮೆತ್ತನೆಯ ಪ್ಲಾಸ್ಟಿಕ್ ಹುಳು ಪೋಣಿಸಿ, ತೆಳು ದಾರದಲ್ಲಿ ಎಸೆದು, ತಳಕ್ಕೆ ಬಿಟ್ಟು, ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ ಎಳೆಯುವುದಕ್ಕೆ ಫಿನೆಸ್ ಎಂದು ಹೆಸರು. ನೀರಿನಲ್ಲಿ ತೇಲುವ ಗುಣದ ಹುಳುವಾದರೆ ತಲೆ ತಳದಲ್ಲಿ ಕೂತಾಗ ಬಾಲ ಮೇಲೆದ್ದು ತಾನಾಗಿಯೇ ಅಲುಗುತ್ತದೆ. ಯಾವುದೋ ಬಡಪ್ರಾಣಿ ತಲೆ ತಗ್ಗಿಸಿ ಮಣ್ಣು ಕೆದಕಿ ತಿನ್ನುತ್ತಿದೆ ಎಂದುಕೊಂಡು ಬಾಸ್ ಬಾಯಿ ಹಾಕುತ್ತದೆ. ತಲೆ ಹಗುರವಾದಷ್ಟೂ ಹುಳು ನಿಧಾನವಾಗಿ ಇಳಿಯುತ್ತದೆ, ಮತ್ತು ಬಾಸ್ ಬಹಳ ಸಲ ಕಚ್ಚುವುದು ಇಳಿಯುವಾಗಲೇ. ಆದರೆ ಗಾಳಿ ಬೀಸಿದರೆ ದಾರ ಕಮಾನಿನಂತೆ ಬಾಗುತ್ತದೆ, ಹಗುರದ ತಲೆ ಎಲ್ಲಿದೆ ಎಂದೇ ತಿಳಿಯದು. ನೀರು ಆಳವಾದರೆ ತಳ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಆಗ ಭಾರದ ತಲೆ ಬೇಕು. ಬಂಡೆಗಳ ಮೇಲೆ ಉರುಳಿ ಸಾಗಲು ಫುಟ್‌ಬಾಲ್ ತಲೆ. ಗಿಡಗಂಟಿಯಿದ್ದರೆ ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯೊಳಗೆ ಅಡಗಿಸುವ ಶೇಕಿ ಹೆಡ್, ಅದರ ಮೂಗಿಗೆ ಹುಳುವನ್ನು ತಿರುಗಿಸಿ ಕೂರಿಸುವ ಸ್ಪ್ರಿಂಗು.

ಇಷ್ಟು ಹೇಳಲು ಅವನು ತೆಗೆದುಕೊಂಡದ್ದು ಒಂದೂಮುಕ್ಕಾಲು ಗಂಟೆ.

ತಲೆಗೂ ಹುಳುವಿಗೂ ಅವನು ಕೂಡಿಸುವ ಸಾಲಾವಳಿ ನೋಡಬೇಕು. ನಮ್ಮ ಮದುವೆಗಳಿಗೆ ಅಷ್ಟು ನೋಡಿರಲಿಲ್ಲ. ಅಣಬೆ ತಲೆಯ ಹಿಂಬದಿ ಚಪ್ಪಟೆ. ಅದರ ಅಗಲವೂ ಹುಳುವಿನ ಮೂತಿಯ ಅಗಲವೂ ಒಂದೇ ಆಗಿರಬೇಕು, ಉಗುರಿನಿಂದ ಸವರಿದರೆ ಮೆಟ್ಟಿಲು ಸಿಗಬಾರದು. ಕೊಕ್ಕೆಯ ತಂತಿ ತೆಳುವಾಗಿರಬೇಕು, ತೆಳು ದಾರದ ಮೆಲುವಾದ ಎಳೆತಕ್ಕೇ ನಾಟಬೇಕು. ಆದರೆ ದೊಡ್ಡ ಮೀನು ಬಿದ್ದರೆ ನೆಟ್ಟಗಾಗಬಾರದು. ಇನ್ನು ಕೊಕ್ಕೆಯ ಸೈಜು. 4ಕ್ಕಿಂತ 2 ದೊಡ್ಡದು, 2ಕ್ಕಿಂತ 1 ದೊಡ್ಡದು. ಅಲ್ಲಿಗೆ ಅಂಕೆ ಮುಗಿದು 1/0 ಬರುತ್ತದೆ, ಅಲ್ಲಿಂದ 2/0, 3/0 ಎಂದು ಏರುತ್ತದೆ. ಇಳಿಯುತ್ತಾ ಬೆಳೆಯುವುದು, ಸೊನ್ನೆ ಮುಟ್ಟಿ ಏರುತ್ತಾ ಬೆಳೆಯುವುದು. ಉಪನಿಷತ್ತಿನ ಪಾಠಕ್ಕೆ ಕೂತಂತಾಯಿತು ನನಗೆ.

1/16ಕ್ಕೂ 1/15ಕ್ಕೂ ಏನಯ್ಯ ವ್ಯತ್ಯಾಸ ಎಂದು ಕೇಳಿದ್ದು ನನ್ನ ತಪ್ಪು. ಚಿನ್ನದಂಗಡಿಯವರಿಡುವಂಥ ಪುಟ್ಟ ತಕ್ಕಡಿ ಹೊರಬಂತು. 1.77 ಗ್ರಾಂ, 1.89 ಗ್ರಾಂ. ವ್ಯತ್ಯಾಸ ಐದಾರು ಅಕ್ಕಿಕಾಳಿನ ತೂಕ. ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು. ಪೊಟ್ಟಣದ ಮೇಲೆ ನಮೂದಿಸಿದ್ದು ಸೀಸದ ತೂಕ ಮಾತ್ರವೋ, ಕೊಕ್ಕೆಯೂ ಸೇರಿಯೋ ಎಂಬ ಸಂಶಯ ಅವನಿಗೆ ಆಗಲೇ ಹೊಳೆಯಿತು. ಆ ಶನಿವಾರ ಇಡೀ ದಿನ ಏಳೂ ಬಟ್ಟಲಿನ ಸರಕು ಒಂದೊಂದಾಗಿ ತಕ್ಕಡಿ ಏರಿತು. ಸೀಸದ ಸುಮಾರು 1.7 ಪಟ್ಟು ಸಾಂದ್ರತೆಯ ಟಂಗ್‌ಸ್ಟನ್ನಿನ ತಲೆಗಳನ್ನು ತರಿಸುವ ತೀರ್ಮಾನವೂ ಅಂದೇ ಆಯಿತು. ಅದೇ ತೂಕಕ್ಕೆ ತಲೆ ಚಿಕ್ಕದು, ಬಿಲ್ಲು ದೊಡ್ಡದು.

ಹುಳುವಿನ ಬಣ್ಣದ ಮಾತು ಬೇರೆ. ಮದುವೆಯಾದ ವರ್ಷ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ನಾದಿನಿ ಎರಡು ಹಸಿರು ಸೀರೆಗಳ ನಡುವೆ ತೊಳಲಾಡುತ್ತಿದ್ದಾಗ "ಎರಡೂ ಒಂದೇ ಅಲ್ವಾ" ಎಂದು ಆಕಳಿಸಿದ್ದವನು ಇವನೇ. ಅವಳು ಅದನ್ನು ಮರೆತಿಲ್ಲ. ಇಂದು ಗ್ರೀನ್ ಪಂಪ್ಕಿನ್ನಿಗೂ ವಾಟರ್‌ಮೆಲನ್ನಿಗೂ ಇರುವ ಭೇದವನ್ನು ಅವನು ಕಿಟಕಿಯ ಬಳಿ, ಟ್ಯೂಬ್‌ಲೈಟಿನ ಕೆಳಗೆ, ಗಾಜಿನ ಲೋಟದ ನೀರಿನಲ್ಲಿ ಅದ್ದಿ, ಮೂರು ಬಗೆಯಾಗಿ ತೋರಿಸುತ್ತಾನೆ. ಅವಳು ಹಿಂದೆ ನಿಂತು ಮೆಲ್ಲಗೆ ಹೇಳುತ್ತಾಳೆ: "ಎರಡೂ ಒಂದೇ ಅಲ್ವಾ?"

ಹುಳುಗಳಲ್ಲೂ ಜಾತಿಯಿದೆ, ಪಂಕ್ತಿಭೇದವಿದೆ. ಆ ತೇಲುವ ಜಾತಿಯದನ್ನು ಸಾಮಾನ್ಯ ಪ್ಲಾಸ್ಟಿಕ್ ಹುಳುವಿನ ಜೊತೆ ಇಡಕೂಡದು, ಒಂದಕ್ಕೊಂದು ತಾಗಿದರೆ ಕರಗುತ್ತವೆ. ಇದು ತಿಳಿಯುವ ಮುಂಚೆ ಅವನು ಎಲ್ಲವನ್ನೂ ಉಪ್ಪಿಟ್ಟಿನ ಡಬ್ಬಿಗೆ ತುಂಬಿ ಗ್ಯಾರೇಜಿನಲ್ಲಿಟ್ಟಿದ್ದ. ಟೆಕ್ಸಸ್ಸಿನ ಆಗಸ್ಟ್. ತೆರೆದಾಗ ಒಳಗೆ ಕಂಡದ್ದು ಹಸಿರು ಮಿಶ್ರಿತ ಕಂದು ಬಣ್ಣದ, ನಡುಗುವ, ಹೊಳೆಯುವ ಹಾಲುಬಾಯಿ. ಸಾಲದ್ದಕ್ಕೆ ಬೆಳ್ಳುಳ್ಳಿ ವಾಸನೆ, ಮೀನಿಗೆ ಇಷ್ಟವೆಂದು ಹುಳುಗಳಿಗೇ ಹಾಕಿರುತ್ತಾರೆ. ಅಂದು ಏಕಾದಶಿ ಬೇರೆ.

ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರು ಕ್ಯಾನ್ಸಸ್ ರಾಜ್ಯದ ನೆಡ್ ಕೆಹ್ಡಿ. ಅಣಬೆ ತಲೆಗೆ ಮೋಟುಹುಳು ಸಿಕ್ಕಿಸುವ ಕ್ರಮಕ್ಕೆ ನೆಡ್ ರಿಗ್ ಎಂಬ ಹೆಸರು ಬಂದದ್ದು ಅವರಿಂದಲೇ. ಅವರು ಮೊದಲು ಮಾಡಿದ್ದೇನು ಗೊತ್ತೇ? ಐದಂಗುಲದ ಹುಳುವನ್ನು ಅರ್ಧಕ್ಕೆ ಕತ್ತರಿಸಿ ಹಗುರವಾದ ಒಂದು ತಲೆಗೆ ಸಿಕ್ಕಿಸಿದರು, ಅಷ್ಟೆ. ಆ ಅರ್ಧ ಹುಳುವಿನ ವಿದ್ಯೆಗೆ ನಮ್ಮವನು ಒಂದು ಗ್ಯಾರೇಜು ಖಾಲಿ ಮಾಡಿದ್ದಾನೆ. ಕಾರು ಹೊರಗೆ ಬಿಸಿಲಲ್ಲಿ ನಿಲ್ಲುತ್ತದೆ.

ಏಪ್ರಿಲ್‌ನಲ್ಲಿ ಅತ್ತೆ ಮಾವ ಮೈಸೂರಿನಿಂದ ಬಂದರು. ಮೂರನೇ ದಿನ ಅತ್ತೆಯವರೂ ಡಬ್ಬಿ ತೆರೆದರು. ಪುಣ್ಯಕ್ಕೆ ನೋಡಿ ತೆರೆದರು.

"ಇದೇನ್ರೀ ಇದು?"

"ಮೀನಿನ ಗಾಳ ಅತ್ತೆ. ತಿನ್ನೋದಕ್ಕಲ್ಲ, ಹಿಡಿದು ವಾಪಸ್ ಬಿಟ್ಬಿಡ್ತೀವಿ. 1972ರಲ್ಲಿ ರೇ ಸ್ಕಾಟ್ ಅನ್ನೋರು ತಮ್ಮ ಬಾಸ್ ಪಂದ್ಯಗಳಲ್ಲಿ ಈ ಪದ್ಧತಿ ತಂದ್ರು. ಹಿಂಸೆ ಇಲ್ಲ."

"ತಿನ್ನೋದಕ್ಕಲ್ಲ ಅಂದ್ಮೇಲೆ ಅದರ ಬಾಯಿಗೆ ಯಾಕ್ರೀ ಚುಚ್ಚೋದು?"

ಉತ್ತರ ಹೊಳೆಯದೆ ಅವನು ಬಟ್ಟಲುಗಳನ್ನು ಜೋಡಿಸತೊಡಗಿದ. ಅವನನ್ನು ಪಾರು ಮಾಡಿದ್ದು ಮಾವ. ಶಾನುಭೋಗರ ಮನೆತನ, ಎಂಬತ್ತರ ಹತ್ತಿರದ ವಯಸ್ಸು, ಚಾಳೀಸು ಮೂಗಿನ ತುದಿಯಲ್ಲಿ. ಬಟ್ಟಲಿಗೆ ಅಂಟಿಸಿದ ಚೀಟಿ ಓದಿ ಅವರ ಮುಖ ಅರಳಿತು.

"ಹದಿನಾರನೇ ಒಂದು ಅಂದ್ರೆ ವೀಸ ಅಲ್ವೇನ್ರೀ? ನಾವು ವೀಸದ ಮಗ್ಗಿ ಬಾಯಿಪಾಠ ಮಾಡಿದ್ವಲ್ಲ. ಇದು ಎರಡು ವೀಸ, ಅರೆಕಾಲು. ಇದು ಮೂರು ವೀಸ. ನಿಮ್ಮ ಔನ್ಸೂ ಪೌಂಡಿನಲ್ಲಿ ವೀಸವೇ, ಹದಿನಾರಕ್ಕೆ ಒಂದು ಪೌಂಡು. ಹಾಗಾದ್ರೆ ಇದು ವೀಸದ ವೀಸ." ಜೀರಿಗೆಯ ಬಟ್ಟಲಿಗೆ ಬಂದಾಗ ಹುಬ್ಬು ಗಂಟಿಕ್ಕಿತು. "ಹದಿನೈದನೇ ಒಂದು? ಇದ್ಯಾವ ಅಂಗಡಿ ಲೆಕ್ಕಾರೀ? ಯಾವ ಮಗ್ಗೀಲೂ ಇಲ್ಲ."

ಅಷ್ಟು ವರ್ಷದಲ್ಲಿ ಅವನ ಮಾತನ್ನು ಮನೆಯ ಒಬ್ಬರು ಮುಂದುವರಿಸಿದ್ದು ಅದೇ ಮೊದಲು. ಷಡ್ಡಕನ ಕಣ್ಣು ತೇವವಾಯಿತೆಂದು ನಾನು ಆಣೆ ಮಾಡಿ ಹೇಳಬಲ್ಲೆ.

ಭಾನುವಾರ ಬೆಳಗ್ಗೆ ಮೂವರೂ ರೇ ರಾಬರ್ಟ್ಸ್ ಸರೋವರಕ್ಕೆ ಹೋದೆವು. ಟೆಕ್ಸಸ್ಸಿನ ಸ್ಟೇಟ್ ಪಾರ್ಕುಗಳಲ್ಲಿ ದಡದಲ್ಲಿ ನಿಂತು ಮೀನು ಹಿಡಿಯಲು ಲೈಸೆನ್ಸು ಬೇಡ. ಅವನ ಬಳಿ ಇದೆ, ಎರಡು ಪ್ರತಿ, ಒಂದಕ್ಕೆ ಲ್ಯಾಮಿನೇಶನ್. ಮಾವನಿಗೆ ಮಡಚುಕುರ್ಚಿ, ನನಗೆ ಪೆಟ್ಟಿಗೆ ಹೊರುವ ಕೆಲಸ. ಪೂರ್ವದಲ್ಲಿ ಕೆಂಪು, ನೀರಿನ ಮೇಲೆ ಸಣ್ಣ ಆವಿ, ಆಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳ ಒಣ ಕೊಂಬೆಗಳು ಅಲ್ಲಲ್ಲಿ. ಮೀನುಗಳು ದಡದ ಹತ್ತಿರವೇ ಗುಳುಕ್ಕೆಂದು ನೆಗೆಯುತ್ತಿದ್ದವು. ಅವನು ನೀರಿಗೆ ಥರ್ಮಾಮೀಟರ್ ಇಳಿಬಿಟ್ಟಿದ್ದ.

ಗಾಳಿಯ ವೇಗ ಅಳೆದಾಯಿತು. ವೀಸವೆಂದು ತೀರ್ಮಾನವಾಯಿತು. ತಲೆಯ ಕಣ್ಣಿಗೆ ಬಣ್ಣ ಮೆತ್ತಿ ಮುಚ್ಚಿಹೋಗಿತ್ತು. ನಾದಿನಿಯ ಬಟ್ಟೆಪಿನ್ನಿನಿಂದ ಅದನ್ನು ಕುಕ್ಕಿ ತೆರೆದ. ದಾರ ಪೋಣಿಸಲು ಚಾಳೀಸು ಬೇಕು, ಅದು ಮನೆಯಲ್ಲಿದೆ. ಮಾವನ ಚಾಳೀಸನ್ನು ಈಸಿಕೊಂಡ. ಪಾಲೋಮಾರ್ ಗಂಟು ಹಾಕಿ, ಎಂಜಲು ಹಚ್ಚಿ ಬಿಗಿದು, ಎದ್ದು ನಿಂತ. ಅಷ್ಟರಲ್ಲಿ ಗಾಳಿ ಎದ್ದಿತು. ಮತ್ತೆ ಕೂತ. ಗಂಟು ಕತ್ತರಿಸಿ ಎರಡು ವೀಸ. ಮೋಡ ಬಂತು, ಹುಳುವಿನ ಬಣ್ಣ ಬದಲು. ಮಾವ ತಮ್ಮ ಚಾಳೀಸಿಗಾಗಿ ಒಮ್ಮೆ ಕೆಮ್ಮಿದರು.

ನಾನು ತಾಳ್ಮೆಗೆಟ್ಟು ಒಂದು ಮಾತು ಹೇಳಿದೆ. "ನಿಮ್ಮ ಟೆಕ್ಸಸ್ಸಿನ ದಾಖಲೆ ಬಾಸ್ ಸಿಕ್ಕಿದ್ದು 1992ರಲ್ಲಿ, ಲೇಕ್ ಫೋರ್ಕ್‌ನಲ್ಲಿ, 18.18 ಪೌಂಡು. ಹಿಡಿದವನು ಬಾಸಿಗೆ ಬಂದವನೇ ಅಲ್ಲವಂತೆ. ಕ್ರಾಪಿ ಅನ್ನೋ ಪುಟ್ಟ ಜಾತಿಯ ಮೀನಿಗೆ ಅಂತ ಸಣ್ಣ ಮೀನು ಕಟ್ಟಿ ಕೂತಿದ್ನಂತೆ."

"ಅದು ಔಟ್‌ಲೈಯರ್ ಭಾವ" ಎಂದ, ತಲೆ ಎತ್ತದೆ.

"1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ 22 ಪೌಂಡು 4 ಔನ್ಸಿನದು ಹಿಡಿದ. ಇವತ್ತಿಗೂ ವಿಶ್ವದಾಖಲೆ. 2009ರಲ್ಲಿ ಜಪಾನಿನವರೊಬ್ಬರು ಬಂದು ಸಮ ಮಾಡಿದರು, ಅಷ್ಟೆ. ಪೆರಿಯ ಹತ್ತಿರ ಇದ್ದದ್ದು ಒಂದೇ ಒಂದು ಆಮಿಷ ಅಂತಾರೆ. ಮನೆಗೆ ಒಯ್ದು ಅಡುಗೆ ಮಾಡಿ ತಿಂದ್ರು."

"ಒಂದೇ ಇತ್ತಾ?" ಷಡ್ಡಕ ಮೊದಲ ಬಾರಿಗೆ ತಲೆ ಎತ್ತಿದ. ಮುಖದಲ್ಲಿ ನಿಜವಾದ ಅನುಕಂಪ. "ಪಾಪ."

ಕೊನೆಗೆ ಎಸೆದ. ನೋಡಲು ಸೊಗಸಾದ ಎಸೆತ, ಒಪ್ಪಬೇಕು. ದಾರ ಬಿಸಿಲಿನಲ್ಲಿ ಒಂದು ಗೆರೆಯಾಗಿ ಹೊಳೆದು, ತಲೆ ಟುಪ್ಪೆಂದು ಬಿದ್ದು, ಉಂಗುರ ಹರಡಿತು. ಇಳಿಯಿತು. ಎಳೆದ. ಅಲುಗಾಡಲಿಲ್ಲ. ಮುಳುಗಿದ ಮರ. ಎರಡನೆಯದೂ ಮರಕ್ಕೆ. ಕೊಕ್ಕೆ ಅಡಗಿಸುವ ತಲೆ ಕಟ್ಟಪ್ಪ ಎಂದೆ; ಅವು ಗ್ಯಾರೇಜಿನಲ್ಲಿ, ಎಡಗಡೆಯ ಮೂರನೇ ಡ್ರಾದಲ್ಲಿ ಇವೆಯಂತೆ. ಇವತ್ತಿನ ಯೋಜನೆ ಅಣಬೆಯದು. ಹತ್ತು ಗಂಟೆಯ ಹೊತ್ತಿಗೆ ಒಂಬತ್ತು ತಲೆ ಸರೋವರದ ಪಾಲಾಗಿದ್ದವು. ಅವನ ಮುಖದಲ್ಲಿ ಬೇಸರ ಹುಡುಕಿದೆ. ಇರಲಿಲ್ಲ. ಒಂದು ಹೋದಾಗಲೆಲ್ಲ ಇನ್ನೊಂದನ್ನು ಆರಿಸಬಹುದಲ್ಲ.

ಮರುದಿನ ಸಂಜೆ ನಾನು ಹೋದಾಗ ಊಟದ ಮೇಜಿನ ಮೇಲೆ ತಕ್ಕಡಿ, ಡಬ್ಬಿ, ಮಾವ, ಷಡ್ಡಕ. ಮಾವ ಹೊಸದೊಂದು ನೋಟ್‌ಪುಸ್ತಕಕ್ಕೆ ಸ್ಕೇಲಿಟ್ಟು ಗೆರೆ ಎಳೆದಿದ್ದರು. ತೂಕ, ಆರಂಭ ಶಿಲ್ಕು, ಖರೀದಿ, ಖರ್ಚು, ಅಖೈರು ಶಿಲ್ಕು, ಷರಾ. ಮುತ್ತಿನಂಥ ಅಕ್ಷರ. ವೀಸದ ಸಾಲಿನಲ್ಲಿ ಖರ್ಚು ಐದು. ಷರಾದಲ್ಲಿ "ಮರ 4, ಬಂಡೆ 1". ಅದರ ಕೆಳಗೆ ಚಿಕ್ಕದಾಗಿ "ದೊಡ್ಡ ಅಳಿಯಂದಿರ ಬೆರಳು 1, ವಾಪಸು". ಅತ್ತೆ ಅಡುಗೆಮನೆಯಿಂದ ಮೂರನೇ ಸಲ ಸಾಸಿವೆ ಕೇಳುತ್ತಿದ್ದರು. ಇಬ್ಬರಿಗೂ ಕೇಳಿಸುತ್ತಿರಲಿಲ್ಲ.

ಮಾವ ಪುಟದ ಬಲ ಅಂಚಿನಲ್ಲಿ ಉಳಿದ ಜಾಗವನ್ನು ಬೆರಳಿನಿಂದ ಅಳೆದು, "ಇಲ್ಲಿ ಮೀನು ಅಂತ ಒಂದು ಕಲಂ ಹಾಕ್ಲೇನ್ರೀ?" ಎಂದರು.

ಷಡ್ಡಕ ಸ್ವಲ್ಪ ಹೊತ್ತು ಯೋಚಿಸಿದ.

"ಬೇಡಿ ಮಾವ. ಅಲ್ಲಿ ಹುಕ್ ಸೈಜು ಹಾಕಿ."